ಗುಡುಗಿಗೆ ಕಿತ್ತ ಪ್ಲಗ್

ಕುಮಟೆಯ ಆ ಮನೆಯ ಗೋಡೆಗಳಿಗೆ ಬೆಂಕಿಪೆಟ್ಟಿಗೆಯಷ್ಟಿದ್ದ ಬಿಳಿ ಡಬ್ಬಿಗಳನ್ನು ಅಂಟಿಸಿದ ದಿನದಿಂದಲೇ ನನಗೆ ಅವುಗಳ ಮೇಲೆ ಅನುಮಾನವಿತ್ತು. ಅವು ಹೇಳಿದ್ದನ್ನು ಆ ಮನೆಯಲ್ಲಿ ಇನ್ನು ಯಾರೂ ಮರುಪ್ರಶ್ನಿಸಲಾರರೆಂದು ನಾನು ಹೆದರಿದ್ದೆ. ಹೆದರಿಕೆ ನಿಜವಾಗಲು ಒಂದು ಬೇಸಿಗೆ ಸಾಕಾಯಿತು.

ಮನೆ ಒಬ್ಬ ಡಾಕ್ಟರಮ್ಮನದು. ಬೆಳಿಗ್ಗೆ ಆಸ್ಪತ್ರೆಗೆ ಹೊರಟರೆ ಅವರು ಮರಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದಿದ್ದ ಅವರ ಅತ್ತೆಯನ್ನು ಹಗಲಿಡೀ ನೋಡಿಕೊಳ್ಳುತ್ತಿದ್ದವಳು ನನ್ನ ಚಿಕ್ಕಮ್ಮ. ಹಿರೇಗುತ್ತಿಯ ನಮ್ಮ ಮನೆಯಿಂದ ಬೆಳಗಿನ ಬಸ್ಸು ಹಿಡಿದು ಹೋಗುವಳು. ಅಜ್ಜಿಗೆ ಮೈ ಒರೆಸಿ, ಗಂಜಿ ಕುಡಿಸಿ, ಹುಣ್ಣಾಗದಂತೆ ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವಳು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲವದು. ನಾನು ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮುಗಿಸಿ ಊರಿಗೆ ಬಂದಿದ್ದೆ. ಡಬ್ಬಿಗಳ ಕಸುಬು ನನಗೆ ತಿಳಿದಿತ್ತು. ಕೋಣೆಯಲ್ಲಿ ಯಾರಾದರೂ ಅಲುಗಾಡಿದರೆ ಗೋಡೆಯ ಡಬ್ಬಿ ಎಚ್ಚತ್ತು ಒಂದು ಸುದ್ದಿ ಕಳಿಸಿ ಮತ್ತೆ ಮಲಗುತ್ತದೆ. ಸಣ್ಣ ಬ್ಯಾಟರಿಯ ಮೇಲೆ ವರ್ಷಗಟ್ಟಲೆ ಬದುಕಬೇಕಾದ್ದರಿಂದ ಅದರ ದನಿ ಬಹಳ ಕ್ಷೀಣ, ದೂರ ಮುಟ್ಟುವುದಿಲ್ಲ. ಆದ್ದರಿಂದ ನಡುವೆ ಒಬ್ಬ ಮಧ್ಯಸ್ಥ ಬೇಕು. ಆ ಸುದ್ದಿಯನ್ನು ಕೇಳಿಸಿಕೊಂಡು ಮುಂದಕ್ಕೆ ದಾಟಿಸುವ, ಸದಾ ಕರೆಂಟಿನ ಮೇಲೆ ಎಚ್ಚರವಾಗಿರುವ ಇನ್ನೊಂದು ಸಾಧನ. ಹೀಗೆ ಕೈಯಿಂದ ಕೈಗೆ ದಾಟಿದ ಸುದ್ದಿ ಮಹಡಿಯ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಹಾಸಿಗೆಯಲ್ಲಿ ಅಲುಗಾಡದ ಅಜ್ಜಿ ಅದರ ಲೆಕ್ಕಕ್ಕಿಲ್ಲ; ಅವರ ಬಳಿ ಬೇರೆ ಯಾರಾದರೂ ಇದ್ದರೇ ಎಂಬುದನ್ನು ಡಾಕ್ಟರಮ್ಮ ಅದರಲ್ಲಿ ನೋಡುತ್ತಿದ್ದರು.

ಆ ಕಂಪ್ಯೂಟರ್ ಮೇ ತಿಂಗಳಿನಲ್ಲಿ ಚಿಕ್ಕಮ್ಮನ ಮೇಲೆ ಸಾಕ್ಷಿ ನುಡಿಯಿತು. ನಾಲ್ಕು ದಿನಗಳ ಮಧ್ಯಾಹ್ನ, ಮೂರರಿಂದ ಐದರವರೆಗೆ, ಅಜ್ಜಿಯ ಕೋಣೆಯ ಎದುರು ಒಂದೇ ಷರಾ: ‘ಯಾರೂ ಇಲ್ಲ’. ಡಾಕ್ಟರಮ್ಮ ಆ ಹಾಳೆಯನ್ನು ಅಚ್ಚು ಮಾಡಿಸಿ ಚಿಕ್ಕಮ್ಮನ ಕೈಗಿತ್ತು, ಶನಿವಾರದವರೆಗೆ ಬಂದರೆ ಸಾಕು ಎಂದರಂತೆ.

ಹೋಗುತ್ತಿದ್ದುದು ಒಂದು ಕೆಲಸವಷ್ಟೇ ಆಗಿರಲಿಲ್ಲ. ಹೊನ್ನಾವರವಾಗಲಿ ಭಟ್ಕಳವಾಗಲಿ, ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸಿಗೆ ಬಾಗಿಲು ತೆರೆಯುವುದು ಇನ್ನೊಂದು ಮನೆಯವರ ಮಾತಿನಿಂದ. ಮುದುಕಿಯನ್ನು ಒಂಟಿ ಬಿಟ್ಟು ಹೋದವಳು ಎಂಬ ಮಾತು ಹಬ್ಬಿದರೆ ಮತ್ತಾವ ಬಾಗಿಲೂ ಇಲ್ಲ.

ಆ ಸಂಜೆ ನಮ್ಮ ಜಗುಲಿಯಲ್ಲಿ ಕೂತು ಚಿಕ್ಕಮ್ಮ ಬಸಳೆ ಬಿಡಿಸುತ್ತಿದ್ದಳು. ನಾನು ಹಾಳೆಯನ್ನು ಮೂರು ಸಲ ಓದಿದೆ. ಆಮೇಲೆ, ಇವತ್ತಿಗೂ ನನ್ನನ್ನು ಚುಚ್ಚುವ ಆ ಪ್ರಶ್ನೆ ಕೇಳಿದೆ.

“ಚಿಕ್ಕಮ್ಮ, ಖರೆ ಹೇಳು. ಮಧ್ಯಾಹ್ನ ಎಲ್ಲಾದ್ರೂ ಹೋಗ್ತಿದ್ಯ?”

ಅವಳ ಕೈ ನಿಲ್ಲಲಿಲ್ಲ. “ಎಂತ ಕಲ್ತು ಬಂದ್ಯೆ ನೀನು? ಗೋಡೆ ಡಬ್ಬಿ ಕೇಳೂ ಪ್ರಶ್ನೆ ಕೇಳೂಕೆ ಅಷ್ಟು ವರ್ಷ ಧಾರವಾಡದಲ್ಲಿ ಇರ್ಬೇಕಾಗಿತ್ತ?”

ನನ್ನ ಅನುಮಾನ ಆ ಕ್ಷಣದಲ್ಲಿ ತಪ್ಪು ವ್ಯಕ್ತಿಯ ಕಡೆ ತಿರುಗಿತ್ತು. ಅದನ್ನು ತಿರುಗಿಸಿದ ಹಾಳೆ ಎಷ್ಟು ಸೌಮ್ಯವಾಗಿ, ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದು ಆರೋಪದಂತೆ ಕಾಣುತ್ತಲೇ ಇರಲಿಲ್ಲ.

ಶನಿವಾರ ನಾನೂ ಅವಳೊಡನೆ ಹೋದೆ. ಡಾಕ್ಟರಮ್ಮ ಆ ದಿನ ಮನೆಯಲ್ಲಿದ್ದರು. ಡಬ್ಬಿಗಳನ್ನು ಹಾಕಿಕೊಟ್ಟಿದ್ದ ಹುಬ್ಬಳ್ಳಿಯ ಮನುಷ್ಯನನ್ನು ನನ್ನ ಹಟಕ್ಕೆ ಕರೆಸಿದ್ದರು. ಅವನು ಬಂದಾಗ ಮಧ್ಯಾಹ್ನ ದಾಟಿತ್ತು. ಚಿಕ್ಕಮ್ಮ ಕೆಳಗೆ ಅಜ್ಜಿಯ ಬಳಿ ಉಳಿದಳು. ನಾವು ಮೂವರು ಮಹಡಿ ಹತ್ತಿ ಕಂಪ್ಯೂಟರಿನ ಮುಂದೆ ಕೂತೆವು.

“ಬ್ಯಾಟರಿ ಎಲ್ಲಾ ಫುಲ್ ಅದಾವ್ರಿ. ಕರೆಂಟ್ ಹೋದ್ರ ಇನ್ವರ್ಟರ್ ಐತಿ. ಸಿಸ್ಟಮ್ ಸುಳ್ಳ ಹೇಳಂಗಿಲ್ರಿ ಮೇಡಂ,” ಎಂದ ಅವನು.

“ಗೋಡೆಯ ಡಬ್ಬಿ ಸುದ್ದಿ ಕೊಡಲಿಲ್ಲವೋ, ಕೊಟ್ಟ ಸುದ್ದಿ ಇಲ್ಲಿಗೆ ಮುಟ್ಟಲಿಲ್ಲವೋ? ನಿಮ್ಮ ಸಿಸ್ಟಮ್‌ಗೆ ಆ ವ್ಯತ್ಯಾಸ ಗೊತ್ತಿದೆಯೇ?” ಎಂದೆ.

ಅವನು ನಕ್ಕ. ಅಷ್ಟರಲ್ಲಿ ಪೂರ್ವದ ಗುಡ್ಡದ ಕಡೆಯಿಂದ ಗುಡುಗು ಉರುಳಿ ಬಂತು. ಮಳೆಗಾಲಕ್ಕೆ ಮುಂಚಿನ ದಿನಗಳಲ್ಲಿ ನಮ್ಮಲ್ಲಿ ಮಧ್ಯಾಹ್ನವೆಂದರೆ ಹಾಗೆಯೇ. ಪರದೆಯ ಮೇಲೆ ಅಜ್ಜಿಯ ಕೋಣೆಯಿಂದ ಸುದ್ದಿ ಬರುವುದು ನಿಂತಿತು. ಕೆಲವು ನಿಮಿಷ ಕಳೆದವು. ಆಮೇಲೆ ಷರಾ ಮೂಡಿತು: ‘ಯಾರೂ ಇಲ್ಲ’.

“ನೋಡಿದ್ಯೇನೇ?” ಡಾಕ್ಟರಮ್ಮ ಎದ್ದುನಿಂತರು. “ನಾವು ಮನೇಲಿ ಇರೂವಾಗ್ಲೇ ಎದ್ದು ಹೋಗೂ ಧೈರ್ಯ!”

ಮೂವರೂ ದಡದಡ ಮೆಟ್ಟಿಲಿಳಿದೆವು. ಕೋಣೆಯಲ್ಲಿ ಚಿಕ್ಕಮ್ಮ ಮಂಚಕ್ಕೆ ಮೊಣಕಾಲೂರಿ, ಅಜ್ಜಿಯನ್ನು ತನ್ನ ಎದೆಗೆ ಒರಗಿಸಿಕೊಂಡು ಮಗ್ಗುಲು ಬದಲಿಸುತ್ತಿದ್ದಳು. ಗೋಡೆಯ ಡಬ್ಬಿ ಅವಳ ತಲೆಯ ಮೇಲೆಯೇ ಇತ್ತು. ಬಾಗಿಲಾಚೆಯ ಪಡಸಾಲೆಯಲ್ಲಿ, ಸ್ಟೂಲಿನ ಮೇಲೆ, ಟಿ.ವಿ.ಯ ಪ್ಲಗ್ಗಿನ ಪಕ್ಕದಲ್ಲಿ ಇನ್ನೊಂದು ಬಿಳಿ ವಸ್ತು ಮಲಗಿತ್ತು. ಅದು ಮಧ್ಯಸ್ಥ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸಿದ್ದ ಅದನ್ನು ಅವಳು ಕಿತ್ತಿಟ್ಟಿದ್ದಳು.

“ಇದನ್ಯಾಕ್ ಕಿತ್ತೀರಿ?” ಹುಬ್ಬಳ್ಳಿಯವನು ಹೌಹಾರಿದ.

“ಗುಡುಗ್ತು,” ಎಂದಳು ಚಿಕ್ಕಮ್ಮ.

“ಗುಡುಗಿದ್ರ ಪ್ಲಗ್ ಯಾಕ್ ಕೀಳಬೇಕ್ರಿ?”

ಕೋಣೆಯಲ್ಲಿದ್ದ ನಾಲ್ವರು ಹೆಂಗಸರೂ ಒಟ್ಟಿಗೆ ಅವನ ಮುಖ ನೋಡಿದೆವು. ಅಜ್ಜಿ ದಿಂಬಿನಿಂದಲೇ ಕೇಳಿದರು, “ಇಂವ ಎಲ್ಲಿಯಂವನೇ? ಗುಡುಗಿಗೆ ಪ್ಲಗ್ ತೆಗೀದೇ ಇರ್ತಾರ? ನಾನೇ ಹೇಳೂದು ಇವಳಿಗೆ, ದಿನಾ.”

ನಮ್ಮ ಕರಾವಳಿಯಲ್ಲಿ ಮೊದಲ ಗುಡುಗಿಗೆ ಕೈ ತಾನಾಗಿ ಪ್ಲಗ್ಗಿನ ಕಡೆ ಹೋಗುತ್ತದೆ. ಅದನ್ನು ಯಾರೂ ಕೆಲಸವೆಂದು ಲೆಕ್ಕಿಸುವುದಿಲ್ಲ. ಹೇಳಬೇಕೆಂದು ಚಿಕ್ಕಮ್ಮನಿಗೆ ಹೊಳೆಯಲೂ ಇಲ್ಲ. ಹಾಸ್ಟೆಲಿನ ವರ್ಷಗಳಲ್ಲಿ ನಾನು ಅದನ್ನು ಮರೆತಿದ್ದೆ. ಮಹಡಿಯಲ್ಲಿ ಬೀಗದೊಳಗಿದ್ದ ಕಂಪ್ಯೂಟರ್ ಮಾತ್ರ ಯಾರ ಕೈಗೂ ಸಿಗದೆ, ತಾನು ಕಾಣದ ಕೋಣೆಯ ಬಗ್ಗೆ ತೀರ್ಪು ಬರೆಯುತ್ತಲೇ ಇತ್ತು.

“ಹಂಗಾರ ತಪ್ಪು ಪ್ಲಗ್ ಕಿತ್ತವರದ್ರಿ,” ಎಂದ ಅವನು.

ನನ್ನ ಸಹನೆ ಅಲ್ಲಿಗೆ ಮುಗಿಯಿತು. ಅದನ್ನು ಕೀಳಬಾರದೆಂದು ಈ ಕೋಣೆಯಲ್ಲಿ ದುಡಿಯುವವಳಿಗೆ ಯಾರು ಹೇಳಿದ್ದರು? ಯಾವ ಗೋಡೆಯ ಮೇಲೆ ಬರೆದಿತ್ತು? ಸುದ್ದಿ ಬಾರದಿದ್ದಾಗ ‘ಸುದ್ದಿ ಬಂದಿಲ್ಲ’ ಎಂದು ಬರೆಯಬೇಕಾದ ಜಾಗದಲ್ಲಿ ‘ಯಾರೂ ಇಲ್ಲ’ ಎಂದು ಬರೆಸಿದವರು ಯಾರು? ಯಂತ್ರಕ್ಕೆ ತಿಳಿಯದ್ದನ್ನು ಮನುಷ್ಯರ ಅಪರಾಧವನ್ನಾಗಿ ಮಾಡುವ ಹಕ್ಕನ್ನು ಯಾರಿಂದ ಪಡೆದಿರಿ? ಅಚ್ಚಾದ ಹಾಳೆಯನ್ನು ಅವನ ಮುಂದೆ ಹಿಡಿದೆ. ನಾಲ್ಕು ದಿನಗಳ ಷರಾ ಆಧಾರವಿಲ್ಲದ್ದೆಂದು ಅದರ ಬೆನ್ನಿಗೆ ಬರೆದು ಸಹಿ ಮಾಡುವವರೆಗೆ ಅವನನ್ನು ಬಾಗಿಲು ದಾಟಲು ಬಿಡಲಿಲ್ಲ. ಅವನು ಬರೆದ. ಕೆಳಗೆ ಡಾಕ್ಟರಮ್ಮನೂ ಸಹಿ ಹಾಕಿದರು.

“ಆತಲ್ಲ. ಸೋಮವಾರ ಬಾ ಮಾರಾಯ್ತಿ,” ಎಂದರು, ಚಿಕ್ಕಮ್ಮನ ಮುಖ ನೋಡದೆ.

“ಬರ್ತೆ.” ಚಿಕ್ಕಮ್ಮ ಅಜ್ಜಿಯ ಹೊದಿಕೆ ಸರಿಪಡಿಸಿದಳು. “ಆದ್ರೆ ಡಾಕ್ಟ್ರಮ್ಮ, ಅಮ್ಮ ಇಲ್ಲೇ ಇದ್ರಲ್ಲ. ನಾನು ಇದ್ನೋ ಇಲ್ವೋ ಹೇಳಿ ಅವ್ರ ಹತ್ರ ಒಂದು ಮಾತು ಕೇಳೂಕಾಗ್ತಿತ್ತು.”

ಡಾಕ್ಟರಮ್ಮ ತಲೆ ತಗ್ಗಿಸಿದರು. ಸಹಿ ಮಾಡಿಸಿಕೊಂಡ ಹಾಳೆ ನನ್ನ ಕೈಯಲ್ಲಿತ್ತು. ನನಗೂ ತಲೆ ಎತ್ತಲಾಗಲಿಲ್ಲ. ನಾನು ಬ್ಯಾಟರಿಯನ್ನು ಶಂಕಿಸಿದ್ದೆ, ತಂತ್ರಾಂಶವನ್ನು ಶಂಕಿಸಿದ್ದೆ, ಚಿಕ್ಕಮ್ಮನನ್ನೂ ಶಂಕಿಸಿದ್ದೆ. ಆ ನಾಲ್ಕು ಮಧ್ಯಾಹ್ನ ಅದೇ ಮಂಚದ ಮೇಲೆ ಎಚ್ಚರವಾಗಿ ಮಲಗಿದ್ದ ಅಜ್ಜಿಯನ್ನು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಗುಡುಗು ಕಡಲಿನ ಕಡೆ ಸರಿಯಿತು. ಚಿಕ್ಕಮ್ಮ ಪಡಸಾಲೆಗೆ ಹೋಗಿ ಟಿ.ವಿ.ಯ ಪ್ಲಗ್ ಸಿಕ್ಕಿಸಿದಳು. ಬಿಳಿ ವಸ್ತುವನ್ನು ಸೆರಗಿನ ತುದಿಯಲ್ಲಿ ಹಿಡಿದೆತ್ತಿ ಹುಬ್ಬಳ್ಳಿಯವನ ಅಂಗೈ ಮೇಲಿಟ್ಟಳು.

“ಇದನ್ನ ಮಾತ್ರ ನೀವೇ ಹಾಕಿ.”