ನಕ್ಷತ್ರದ ಕೆಳಗಿನ ಸಾಲು ಓದುವಾಕೆ

ಬೆಳಗಿನ ಐದೂವರೆ. ಕೀನ್ಯಾದ ನಕುರು ಪೇಟೆಯ ಮತಾಟು ನಿಲ್ದಾಣದಲ್ಲಿ ಬಾಡಿಗೆ ವ್ಯಾನುಗಳು ಒಂದೊಂದಾಗಿ ಬಂದು ನಿಲ್ಲುತ್ತಿವೆ. ಊರುಗಳ ಹೆಸರು ಕೂಗುವವರ ಗಂಟಲು ಇನ್ನೂ ಪೂರ್ತಿ ತೆರೆದಿಲ್ಲ. ಎದುರಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕೆರುಬೊ ಮೊಗಾಕಾ ಬಾಗಿಲಿನ ಚಿಲಕ ಹಾಕುತ್ತಾರೆ. ಹಾಕಿದ್ದು ಸರಿಯಾಗಿದೆಯೇ ಎಂದು ಎಳೆದು ನೋಡುತ್ತಾರೆ. ಕುರ್ಚಿಯವರೆಗೆ ಹೋದವರು ವಾಪಸು ಬಂದು ಇನ್ನೊಮ್ಮೆ ಎಳೆದು ನೋಡುತ್ತಾರೆ. ಆಮೇಲೆ ಶಾಲನ್ನು ಮೊಣಕಾಲಿನ ಮೇಲೆ ಹರಡಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ.

ಪರದೆಯ ಮೇಲೆ ಸಾಲುಗಳು ಬೀಳತೊಡಗುತ್ತವೆ. "ಐದು ನಕ್ಷತ್ರ. ಹೊಸ ಬಣ್ಣ ಸೂಪರ್." "ಒಂದು ನಕ್ಷತ್ರ. ನಿಮ್ಮ ಜಾಹೀರಾತಿನ ಕಾಟಕ್ಕಿಂತ ಬಸ್ಸಲ್ಲಿ ಹಲ್ಲುಪುಡಿ ಮಾರೋನೇ ವಾಸಿ." "ಎರಡು ನಕ್ಷತ್ರ. ನನ್ನ ಕೋಳಿಯನ್ನ ಯಾಕೆ ಚಿಕ್ಕದು ಮಾಡಿದ್ರಿ? ಅದೇನು ನಿಮ್ಮಪ್ಪನ ಕೋಳೀನಾ?" ಕೆರುಬೊ ನಗುವುದಿಲ್ಲ. ಬೆರಳು ಮಾತ್ರ ಆಡುತ್ತದೆ. ಮೆಚ್ಚಿಗೆ, ದೂರು, ಇತರೆ. ಇರುವುದು ಮೂರೇ ಗುಂಡಿ.

ಮೊಬೈಲಿನಲ್ಲಿ ಹತ್ತಾರು ಬಗೆಯ ಆಟಗಳನ್ನು ಒಂದೇ ಕಡೆ ಒದಗಿಸುವ ಕಂಪನಿಯೊಂದಕ್ಕೆ ಆಟಗಾರರು ಬರೆಯುವ ಅಭಿಪ್ರಾಯಗಳನ್ನು ಓದುವುದು ನಲವತ್ತೊಂದು ವರ್ಷದ ಈ ಹೆಂಗಸಿನ ಕೆಲಸ. ಹೊಸದೊಂದು ಸೌಲಭ್ಯ ಬಂತೆಂದರೆ ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳಿಂದ ಹೊಗಳಿಕೆಯೂ ಬೈಗುಳವೂ ಒಟ್ಟಿಗೇ ಸುರಿಯುತ್ತವೆ. ಹೆಚ್ಚಿನವನ್ನು ಯಂತ್ರವೇ ಓದಿ ವಿಂಗಡಿಸುತ್ತದೆ. ಅದಕ್ಕೆ ತಲೆಬುಡ ತಿಳಿಯದ ಕುಹಕ, ಒಗಟಿನಂಥ ಮಾತು, ಬೀದಿಯ ಭಾಷೆ ಇವೆಲ್ಲ ಕೆರುಬೊ ಅವರ ಪಾಲಿಗೆ. ದಿನಕ್ಕೆ ಆರುನೂರು. ಒಂದೊಂದಕ್ಕೂ ನಲವತ್ತು ಸೆಕೆಂಡು. ಉತ್ತರ ಕೊಡಬೇಕೆಂದರೆ ಮೊದಲೇ ಬರೆದಿಟ್ಟ ಒಂಬತ್ತು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಸ್ವಂತ ಮಾತು ಬರೆದರೆ ಕೆಲಸ ಹೋದಂತೆಯೇ.

"ಬರೆಯೋದಾದರೆ ನನ್ನ ಹೆಸರು ಹಾಕಿ, ಕಂಪನೀದು ಬೇಡ" ಎನ್ನುತ್ತಾರೆ ಕೆರುಬೊ. "ನನ್ನ ಹೆಸರು ಅಲ್ಲಿ ಮೇಲಿನವರಿಗೆ ಯಾರಿಗೂ ಗೊತ್ತಿಲ್ಲ. ಅವರಿಗೆ ನಾನು ನಲವತ್ತೇಳನೇ ನಂಬರು."

ಹುಟ್ಟಿದ್ದು ನ್ಯಾಮಿರಾದ ಚಹಾ ತೋಟಗಳ ಕಡೆ. ನಕುರುವಿಗೆ ಬಂದ ಮೇಲೆ ಒಂಬತ್ತು ವರ್ಷ ನ್ಯಾಯಾಲಯದ ಕಾಂಪೌಂಡಿನ ಹೊರಗೆ ಕೊಡೆಯ ಕೆಳಗೆ ಟೈಪ್ ಯಂತ್ರ ಇಟ್ಟುಕೊಂಡು ಕೂತವರು. ಕದ್ದ ಹಸು, ಒತ್ತುವರಿಯಾದ ಗಡಿ, ಹೊಡೆದ ಗಂಡ. ಜನ ಹೇಳಿದ್ದನ್ನೆಲ್ಲ ಪ್ರಮಾಣಪತ್ರವಾಗಿ ಬಡಿದುಕೊಟ್ಟವರು. ಆ ಕೊಡೆಯ ಕೆಳಗೆ ಕಲಿತದ್ದನ್ನು ಅವರು ಹೀಗೆ ಹೇಳುತ್ತಾರೆ: "ಸಿಟ್ಟು ಬಂದೋರು ಉದ್ದಕ್ಕೆ ಹೇಳ್ತಾರೆ. ಸುಳ್ಳು ಹೇಳೋರು ಇನ್ನೂ ಉದ್ದ. ಹೆದರಿದೋರು ಮಾತ್ರ ಎರಡೇ ಮಾತು ಆಡಿ ಸುಮ್ಮನಾಗಿಬಿಡ್ತಾರೆ. ಕಾಯಬೇಕು."

ಸ್ವತಃ ಅವರೂ ಪುಕ್ಕಲು ಸ್ವಭಾವದವರೇ. ಮೆಟ್ಟಿಲಲ್ಲಿ ಸದ್ದಾದರೆ ಬೆರಳು ನಿಲ್ಲುತ್ತದೆ. ಪಕ್ಕದ ಮೇಜಿನ ವಂಜಾಲಾ ಎಂಬ ಇಪ್ಪತ್ತಾರರ ತರುಣ ಇದಕ್ಕೇ ಅವರನ್ನು ಕಾಡಿಸುತ್ತಾನೆ. "ಅಕ್ಕಾ, ಬಂದಿರೋದು ಚಹಾದೋಳು. ಸಿಂಹ ಅಲ್ಲ."

ಕಳೆದ ಮಾರ್ಚಿನ ಒಂದು ಸೋಮವಾರ 'ಜಿರಾನಿ' ಬಂತು. ಸ್ವಾಹಿಲಿಯಲ್ಲಿ ಹಾಗೆಂದರೆ ನೆರೆಯವರು. ಆಟದ ಗೆಳೆಯರ ಪಟ್ಟಿಯಲ್ಲಿರುವವರು ಯಾವ ಊರಲ್ಲಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂದು ಅದು ತೋರಿಸುತ್ತದೆ. ಐದು ಕಿಲೋಮೀಟರಿನೊಳಗೆ ಬಂದರೆ ನಕ್ಷೆಯ ಮೇಲೆ ಚುಕ್ಕೆಯೂ ಮೂಡುತ್ತದೆ. ಯಾರನ್ನೂ ಕೇಳದೆ ಎಲ್ಲರ ಫೋನಿನಲ್ಲೂ ಅದು ತಾನಾಗಿ ಚಾಲೂ ಆಗಿತ್ತು; ಆರಿಸಲು ಗುಂಡಿಯೇ ಇರಲಿಲ್ಲ.

ಮೊದಲ ಮೂರು ದಿನ ಸಂಭ್ರಮ, ಶಾಪ ಎರಡೂ ಸಮಸಮ. ಎಲ್ಡೊರೆಟ್‌ನ ಇಬ್ಬರು, ಮೂರು ವರ್ಷದಿಂದ ಕಾರಿನ ಪಂದ್ಯದಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ಆಡಿದವರು, ಒಂದೇ ಗೋಡೆಯ ಆಚೀಚೆ ಬಾಡಿಗೆಗಿದ್ದಾರೆಂದು ಗೊತ್ತಾಗಿ ಒಟ್ಟಿಗೆ ಕೂತು ಮೀನು ತಿಂದರಂತೆ. ಕಂಪಾಲಾದ ಒಬ್ಬ ಮಾತ್ರ ಹೀಗೆ ಬರೆದ: "ಕಾಯಿಲೆ ಅಂತ ರಜೆ ಹಾಕಿದ್ದೆ. ಕೆರೆ ದಂಡೆಯಲ್ಲಿದ್ದೀನಿ ಅಂತ ನಮ್ಮ ಬಾಸಿಗೆ ತೋರಿಸಿದ್ರಲ್ಲ, ನಿಮ್ಮ ಮನೆ ಹಾಳಾಗ." ವಂಜಾಲಾನಿಗಂತೂ ಜಿರಾನಿಯಿಂದ ತನ್ನ ಬಡಾವಣೆಯಲ್ಲೇ ಕಾಲ್ಚೆಂಡಿನ ಜೊತೆಗಾರರು ಏಳು ಮಂದಿ ಸಿಕ್ಕಿದ್ದರು.

"ನಿನ್ನ ಫೋನಲ್ಲಿ ಆಟ ಹಾಕ್ಕೊಂಡಿಲ್ವಾ ಅಕ್ಕಾ?"

"ನಾನಿರೋದು ಎಲ್ಲಿ ಅಂತ ಊರಿಗೆಲ್ಲ ಯಾಕಪ್ಪಾ?"

ಗುರುವಾರ ಬೆಳಿಗ್ಗೆ ಆರು ದಾಟಿತ್ತು. ಮಣಿ ಪೋಣಿಸುವ ಆಟದ ಒಬ್ಬ ಆಟಗಾರ್ತಿಯ ಸಾಲು ಬಂತು. ಆಟದಲ್ಲಿ ಆಕೆ ಇಟ್ಟುಕೊಂಡ ಹೆಸರು ಕರಂಗಾ, ಅಂದರೆ ಕಡಲೆಕಾಯಿ. "ಮೂರು ನಕ್ಷತ್ರ. ಆಟ ಚೆನ್ನಾಗಿದೆ. ಜಿರಾನಿ ಬೇಡ. ಅವನು ಎಪ್ಪತ್ತೊಂದು ಇದ್ದ. ಈಗ ಐವತ್ತೆಂಟು."

ಯಂತ್ರಕ್ಕೆ ಅರ್ಥವಾಗದೆ ಅದು ಕೆರುಬೊ ಅವರಲ್ಲಿಗೆ ಬಂದಿತ್ತು. ಅವರಿಗೂ ತಕ್ಷಣ ಅರ್ಥವಾಗಲಿಲ್ಲ. ಆದರೆ ಬೆರಳು ಗುಂಡಿಯ ಮೇಲೆ ಹೋಗಲಿಲ್ಲ. ನಲವತ್ತು ಸೆಕೆಂಡು ಮುಗಿದು ಪರದೆಯ ಅಂಚು ಕೆಂಪಾಯಿತು. ಇಪ್ಪತ್ತು ನಿಮಿಷದಲ್ಲಿ ಅದೇ ಹೆಸರಿನಿಂದ ಇನ್ನೊಂದು: "ಎರಡು ನಕ್ಷತ್ರ. ನಲವತ್ತಾರು."

"ವಂಜಾಲಾ, ಇದನ್ನ ನೋಡು."

ಅವನು ಇಣುಕಿ ನೋಡಿ ತಲೆ ಕೊಡವಿದ. "ಯಾರೋ ತಮಾಷೆ ಮಾಡ್ತಿದಾರೆ. ದೂರು ಅಂತ ಒತ್ತಿ ಮುಂದೆ ಹೋಗು. ನಿನ್ನ ಲೆಕ್ಕ ಹಿಂದೆ ಬೀಳುತ್ತೆ."

ಯಾರೋ ಅವಳ ಹತ್ತಿರಕ್ಕೆ ಬರುತ್ತಿದ್ದಾನೆಂದು ಈಗ ಹೊಳೆಯಿತು. ಕೆರುಬೊ 'ಇತರೆ' ಒತ್ತಿ, ಪ್ರಾಣಾಪಾಯ ಎಂದು ಟಿಪ್ಪಣಿ ಹಾಕಿ ನೈರೋಬಿಯಲ್ಲಿರುವ ಮೇಲಧಿಕಾರಿ ಮುತಿಂಡಾ ಅವರಿಗೆ ಕಳಿಸಿದರು. ಯಂತ್ರ ಅದನ್ನು ಹಿಂದಕ್ಕೆ ತಳ್ಳಿತು: ಬರಹದಲ್ಲಿ ಬೆದರಿಕೆಯ ಪದವಿಲ್ಲ. ಮತ್ತೆ ಕಳಿಸಿದರು. ಮತ್ತೆ ವಾಪಸು. ಫೋನು ಮಾಡಿದರೆ ಮುತಿಂಡಾ ಎತ್ತಲಿಲ್ಲ. ಏಳು ಗಂಟೆಗೆ ಮೂರನೆಯದು ಬಂತು. "ಒಂದು ನಕ್ಷತ್ರ. ಮೂವತ್ತನಾಲ್ಕು. ಯಾರಾದರೂ ಓದ್ತೀರಾ ಇದನ್ನ?"

ಆಗ ಕೆರುಬೊ ಒಂಬತ್ತು ಉತ್ತರಗಳನ್ನೂ ಪಕ್ಕಕ್ಕೆ ಸರಿಸಿ ತಾವೇ ಬರೆದರು. "ನಾನು ಓದ್ತಿದ್ದೀನಿ. ಅವನು ಯಾರು? ನೀನು ಯಾವ ಊರಲ್ಲಿದ್ದೀಯಮ್ಮ?"

ಉತ್ತರ ತುಂಡುತುಂಡಾಗಿ ಬಂತು. ಅವನು ಗಂಡ. ಮೊಲೊ ಊರಿನವನು. ಅವನು ನನ್ನ ಕೈ ಮುರಿದ ಮೇಲೆ ಬಿಟ್ಟು ಬಂದು ಹದಿನಾಲ್ಕು ತಿಂಗಳು. ಒಂದೇ ಮನೆಯಲ್ಲಿದ್ದಾಗ ಜೊತೆಗೆ ಆಡುತ್ತಿದ್ದುದರಿಂದ ಅವನ ಹೆಸರು ಪಟ್ಟಿಯಲ್ಲಿ ಉಳಿದುಬಿಟ್ಟಿತ್ತು. ಈಗ ಗಿಲ್ಗಿಲ್‌ನಲ್ಲಿ ಹುರಿದ ಕಡಲೆಕಾಯಿ ಮಾರಿಕೊಂಡಿದ್ದೇನೆ. ಕೊಲ್ತೀನಿ ಅಂತ ಹೇಳಿದ್ದ. ಹೇಳಿದ್ದನ್ನ ಮಾಡೋನೇ ಅವನು.

ಗಿಲ್ಗಿಲ್‌ನಿಂದ ಮೂವತ್ತನಾಲ್ಕು ಕಿಲೋಮೀಟರ್, ಮೊಲೊ ಕಡೆಯ ದಾರಿಯಲ್ಲಿ. ಕೆರುಬೊ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ. ಅದು ನಕುರು. ಅವನು ಬಂದಿಳಿದು ವ್ಯಾನು ಬದಲಾಯಿಸುವುದು ಇದೇ ನಿಲ್ದಾಣದಲ್ಲಿ, ಇದೇ ಕಿಟಕಿಯ ಕೆಳಗೆ.

ಎದ್ದು ಹೋಗಿ ಕೆಳಗೆ ನೋಡಿದರು. "ಗಿಲ್ಗಿಲ್, ಗಿಲ್ಗಿಲ್! ಇನ್ನು ನಾಲ್ಕೇ ಸೀಟು!" ಎಂದು ಕೂಗುತ್ತಿದ್ದಾರೆ. ವ್ಯಾನಿನ ಸುತ್ತ ಹತ್ತಿಪ್ಪತ್ತು ಗಂಡಸರು. ಒಬ್ಬ ಕರಿದ ಮಂದಾಜಿ ತಿನ್ನುತ್ತಿದ್ದಾನೆ. ಒಬ್ಬ ಫೋನು ನೋಡುತ್ತ ನಿಂತಿದ್ದಾನೆ. ಇನ್ನೊಬ್ಬನೂ ಫೋನೇ ನೋಡುತ್ತಿದ್ದಾನೆ. "ಎಲ್ಲರೂ ಅವನೇ ಇರಬೇಕು ಅನ್ನೋ ಹಾಗೆ ಕಂಡರು" ಎಂದು ಕೆರುಬೊ ನೆನೆಯುತ್ತಾರೆ. "ಮಂದಾಜಿ ತಿಂತಿದ್ದೋನೂ. ಒಬ್ಬ ಯಾಕೋ ತಲೆ ಎತ್ತಿ ಮೇಲೆ ನೋಡಿದ. ನಾನು ಗೋಡೆಗೆ ಒರಗಿಬಿಟ್ಟೆ."

ವ್ಯಾನು ತುಂಬದೆ ಹೊರಡುವುದಿಲ್ಲ. ಇದ್ದದ್ದು ಅಷ್ಟೇ ಸಮಯ.

"ಆಟ ತೆಗೆದುಹಾಕು ಅಂತ ಹೇಳು ಅವಳಿಗೆ" ಎಂದು ವಂಜಾಲಾ ಅಂದವನು ತಾನೇ ಬಾಯಿ ಮುಚ್ಚಿಕೊಂಡ. ಈಗ ಅವನ ಮುಖದಲ್ಲೂ ನಗೆಯಿರಲಿಲ್ಲ. "ಬೇಡ ಅಕ್ಕಾ. ತೆಗೆದರೂ ಕೊನೇ ಸಲ ಇದ್ದ ಜಾಗದಲ್ಲಿ ಚುಕ್ಕೆ ಒಂದು ದಿನ ಹಾಗೇ ಉಳಿಯುತ್ತೆ. ನನ್ನ ಗೆಳೆಯನದು ಉಳಿದಿತ್ತು."

ಅಷ್ಟರಲ್ಲಿ ಆಕೆಯೇ ಬರೆದಳು. "ತೆಗೆದುಹಾಕಲ್ಲ. ತೆಗೆದರೆ ಅವನು ಎಷ್ಟು ಹತ್ತಿರ ಬಂದ ಅಂತ ನನಗೆ ಕಾಣಲ್ಲ. ಕಾಣದೆ ಕೂರೋಕೆ ಆಗಲ್ಲ."

ಕೆಳಗಿನಿಂದ ಇನ್ನು ಎರಡೇ ಸೀಟು ಎಂಬ ಕೂಗು ಕೇಳುತ್ತಿತ್ತು. ಕೆರುಬೊ ಬರೆದದ್ದು ಇಷ್ಟು: "ಹಾಗಾದರೆ ಚುಕ್ಕೆ ಇರಲಿ. ಆದರೆ ಮನೇಲಿ ಬೇಡ. ಈಗಲೇ ಎದ್ದು ಪೊಲೀಸ್ ಠಾಣೆಗೆ ಹೋಗು. ಫೋನು ಹಿಡ್ಕೊಂಡೇ ಹೋಗು. ಚುಕ್ಕೆ ಹುಡುಕಿಕೊಂಡು ಅವನು ಅಲ್ಲಿಗೇ ಬರಲಿ."

"ಹಿಂದೆ ಬೇರೆ ಊರಲ್ಲಿ ಠಾಣೆಗೆ ಹೋಗಿದ್ದೆ. ಗಂಡ ಹೆಂಡತಿ ಜಗಳ, ಮನೆಗೆ ಹೋಗಮ್ಮ ಅಂದರು."

"ಈ ಸಲ ನಂಬದಿದ್ದರೂ ಬೇಡ. ಬೆಂಚಿನ ಮೇಲೆ ಕೂತ್ಕೋ. ಹೆಂಗಸು ಪೊಲೀಸ್ ಇದ್ದರೆ ಅವರ ಕೈಗೆ ಫೋನು ಕೊಟ್ಟು ಈ ಮಾತೆಲ್ಲ ತೋರಿಸು. ಎಬ್ಬಿಸಿದರೂ ಏಳಬೇಡ. ಹೊರಡು ತಾಯಿ."

ಕೆಳಗೆ ಗಿಲ್ಗಿಲ್ ವ್ಯಾನಿನ ಬಾಗಿಲು ದಡಾರೆಂದು ಮುಚ್ಚಿಕೊಂಡಿತು. ಅದು ಹೆದ್ದಾರಿಯ ಕಡೆ ತಿರುಗುವುದನ್ನು ಕೆರುಬೊ ಕಿಟಕಿಯಿಂದ ನೋಡಿದರು. ವಂಜಾಲಾ ಗಿಲ್ಗಿಲ್‌ನ ಠಾಣೆಯ ನಂಬರು ಹುಡುಕಿ ಮತ್ತೆ ಮತ್ತೆ ಒತ್ತುತ್ತಿದ್ದ. ಲೈನು ಸಿಗಲಿಲ್ಲ.

ಪರದೆಯ ಮೇಲೆ ಸಾಲುಗಳು ಬೀಳುತ್ತಲೇ ಇದ್ದವು. "ಐದು ನಕ್ಷತ್ರ. ಜಿರಾನಿ ದೇವರ ವರ. ನನ್ನ ಸೋದರತ್ತೆ ಮಗ ಪಕ್ಕದ ಬೀದೀಲೇ ಇದ್ದಾನೆ!" "ಐದು ನಕ್ಷತ್ರ. ಈಗ ಯಾರೂ ನನ್ನಿಂದ ತಪ್ಪಿಸಿಕೊಳ್ಳೋಕಾಗಲ್ಲ, ಹ ಹ ಹ." ಕೊನೆಯದನ್ನು ಬರೆದವರು ಯಾರೋ ಏನೋ, ಬಹುಶಃ ಪಂದ್ಯದ ಹುಮ್ಮಸ್ಸಿನ ಮಾತು. ಆದರೂ ಅದನ್ನು ಓದಿದ ಕೆರುಬೊ ಎದ್ದು ಹೋಗಿ ಬಾಗಿಲಿನ ಚಿಲಕವನ್ನು ಮತ್ತೊಮ್ಮೆ ಎಳೆದು ನೋಡಿದರು.

ಹೀಗೇ ಒಂದು ಗಂಟೆ ಹತ್ತು ನಿಮಿಷ ಕಳೆಯಿತು. ಕರಂಗಾ ಎಂಬ ಹೆಸರು ಪರದೆಯ ಮೇಲೆ ಮತ್ತೆ ಮೂಡಿದಾಗ ಓದುವ ಧೈರ್ಯ ಅವರಿಗಿರಲಿಲ್ಲ. ವಂಜಾಲಾ ಗಟ್ಟಿಯಾಗಿ ಓದಿದ.

"ನಾನು ಗಿಲ್ಗಿಲ್ ಠಾಣೆಯ ಕಾರ್ಪೊರಲ್ ಚೆಲಂಗಾಟ್. ಈ ಫೋನಿನ ಹೆಂಗಸು ಒಳಗೆ ಚಹಾ ಕುಡೀತಿದಾಳೆ. ಅರ್ಧ ಚೆಲ್ಲಿದಾಳೆ, ಬೇರೆ ಏನೂ ಆಗಿಲ್ಲ. ಅವನು ಫೋನು ನೋಡ್ಕೊಂಡು ನೇರ ನಮ್ಮ ಬಾಗಿಲಿಗೇ ಬಂದ. ಬೋರ್ಡು ನೋಡಿ ತಿರುಗೋಕೆ ಹೋದ. ಬಿಡಲಿಲ್ಲ. ಚೀಲದಲ್ಲಿ ಮಚ್ಚು ಇತ್ತು. ನಕ್ಷತ್ರ ಒತ್ತದೆ ಇದು ಕಳಿಸೋಕೆ ಬಿಡ್ತಿಲ್ಲ, ಅದಕ್ಕೆ ಒಂದು ಒತ್ತಿದೀನಿ. ತಪ್ಪು ತಿಳೀಬೇಡಿ."

ಮೇಜಿನ ಮೇಲೆ ತಲೆಯಿಟ್ಟ ಕೆರುಬೊ ಬಹಳ ಹೊತ್ತು ಎತ್ತಲಿಲ್ಲ. ಚಹಾದವಳು ಬಂದು ಬಾಗಿಲು ಬಡಿದಾಗ ಅವತ್ತು ವಂಜಾಲಾ ಕೂಡ ಬೆಚ್ಚಿಬಿದ್ದ.

ಮಧ್ಯಾಹ್ನ ಮುತಿಂಡಾ ಅವರ ಕರೆ ಬಂತು. "ನಿಯಮ ಗೊತ್ತಿಲ್ವೇನಮ್ಮಾ?" "ಗೊತ್ತು ಸರ್." "ಗೊತ್ತಿದ್ದೂ ಬರೆದ್ಯಾ?" "ಹೌದು ಸರ್." ಕೊನೆಗೆ ಕೆಲಸ ಉಳಿಯಿತು, ಎಚ್ಚರಿಕೆಯ ಪತ್ರವೊಂದು ಬಂತು. ಆರು ವಾರದ ಮೇಲೆ, ಬೇಕೆಂದವರು ಮಾತ್ರ ಚಾಲೂ ಮಾಡಿಕೊಳ್ಳುವಂತೆ ಜಿರಾನಿಯನ್ನು ಬದಲಾಯಿಸಿದರು. ಆಟಗಾರರ ಅಮೂಲ್ಯ ಅಭಿಪ್ರಾಯಗಳಿಗೆ ಕಂಪನಿ ಧನ್ಯವಾದ ಹೇಳಿತು. ಅವನ್ನು ಓದಿದವರ ಮಾತು ಅದರಲ್ಲಿ ಇರಲಿಲ್ಲ.

ವಂಜಾಲಾ ತನ್ನ ಫೋನಿನಲ್ಲಿ ಜಿರಾನಿಯನ್ನು ಈಗಲೂ ಇಟ್ಟುಕೊಂಡಿದ್ದಾನೆ. ಅದನ್ನು ಮುಚ್ಚಿಡುವುದೂ ಇಲ್ಲ. "ನನ್ನನ್ನ ಹುಡುಕಿಕೊಂಡು ಬರೋರು ಚೆಂಡು ಹಿಡ್ಕೊಂಡು ಬರ್ತಾರೆ ಅಕ್ಕಾ. ಅದು ನನ್ನ ಪುಣ್ಯ" ಎನ್ನುತ್ತಾನೆ.

ಮುಂದಿನ ತಿಂಗಳು ಮತ್ತೊಂದು ಹೊಸತು ಬರಲಿದೆಯಂತೆ: ಆಡುವಾಗ ದನಿ ಕೇಳಿಯೇ ಆಟಗಾರರು ಯಾರೆಂದು ಗುರುತಿಸುವುದು. ಅದರ ಅಭಿಪ್ರಾಯಗಳನ್ನು ಮೊದಲು ಓದುವವರ ಪಟ್ಟಿಯಲ್ಲಿ ನಲವತ್ತೇಳನೇ ನಂಬರೂ ಇದೆ. ಈಗೀಗ ಕೆರುಬೊ ಅವರಿಗೆ ನಿದ್ದೆ ಕಡಿಮೆ. ಗಂಜಿ ಸೇರುವುದಿಲ್ಲ. ನಿಲ್ದಾಣದಲ್ಲಿ ಫೋನು ನೋಡುತ್ತ ನಿಂತ ಗಂಡಸರ ಪಕ್ಕ ಹಾಯುವಾಗ ಹೆಜ್ಜೆ ತಾನಾಗಿ ಬಿರುಸಾಗುತ್ತದೆ. ಬಿಡುತ್ತೇನೆಂದು ಎರಡು ಸಲ ಅರ್ಜಿ ಬರೆದು ಎರಡು ಸಲವೂ ಹರಿದುಹಾಕಿದ್ದಾರೆ.

ಮಚ್ಚು ತಂದಿದ್ದ ಆ ಗಂಡ ಈಗ ಜಾಮೀನಿನ ಮೇಲೆ ಹೊರಗಿದ್ದಾನೆ, ಮೊಕದ್ದಮೆ ನಡೆಯುತ್ತಿದೆ. ಕಡಲೆಕಾಯಿಯಾಕೆ ಗಿಲ್ಗಿಲ್ ಬಿಟ್ಟಳಂತೆ. ಯಾವ ಕಡೆ ಹೋದಳೆಂದು ಯಾರಿಗೂ ಹೇಳಿಲ್ಲ. ಆ ಹೆಸರಿನಿಂದ ಆಮೇಲೆ ಒಂದು ಸಾಲೂ ಬಂದಿಲ್ಲ. ಅವಳನ್ನು ಒಮ್ಮೆ ನೋಡಬೇಕು ಅನಿಸುವುದಿಲ್ಲವೇ ಎಂದು ಕೇಳಿದರೆ ಕೆರುಬೊ ಪರದೆಯಿಂದ ಕಣ್ಣು ತೆಗೆಯದೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಅವಳು ಎಲ್ಲಿದಾಳೆ ಅಂತ ಅವನಿಗೆ ಗೊತ್ತಿಲ್ಲ, ಕಂಪನಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನ ಕೈಲಾದದ್ದು ಅಷ್ಟು."