ಕುಂಕುಮಕ್ಕೆ ಜಾಗ ಬಿಟ್ಟ ಗೆರ್ಟ್ರೂಡ್ ಬಾಯಿ

ಬೆಳಿಗ್ಗೆ ಆರೂವರೆ. ಅತ್ತಾವರದ ಆಸ್ಪತ್ರೆಯೊಂದರ ಎದುರಿನ ಓಣಿಯಲ್ಲಿ ಶಟರ್ ಅರ್ಧ ಮೇಲೆದ್ದು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಪರಿಚಯದವರು ಗೌರವಕ್ಕೆ 'ಬಾಯಿ' ಎಂದು ಕರೆಯುವ ಗೆರ್ಟ್ರೂಡ್ ಡಿಸೋಜ ಬಗ್ಗಿ ಒಳಗೆ ನುಗ್ಗುತ್ತಾರೆ. ಪ್ರಾಯ ಐವತ್ತಾರು, ಸಾಲದ್ದಕ್ಕೆ ಮಂಡಿನೋವು. ಜೆರಾಕ್ಸ್ ಮೆಷಿನ್ ಬಿಸಿಯಾಗುವಷ್ಟರಲ್ಲಿ ನಿನ್ನೆ ಮಾಡಿಟ್ಟ ನಾಲ್ಕು ಬಿಲ್ಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ಮೂರು ಫೋನು ತೆಗೆಯುತ್ತಾರೆ. ಒಂದು ಹೊಸದು, ಒಂದು ಗಂಡ ಗ್ಲೆನ್ ಅವರದು, ಇನ್ನೊಂದು ಕ್ಯಾಮೆರಾದ ಗಾಜೆಲ್ಲ ಗೀರಿಹೋದ ಓಬೀರಾಯನ ಕಾಲದ್ದು. ಮೂರರಲ್ಲೂ ಓದಿದರೆ ಮಾತ್ರ ಬಿಲ್ಲೆ ಅಂಗಡಿಯ ಮೆಟ್ಟಿಲು ಇಳಿಯುತ್ತದೆ.

"ಹೊಸ ಫೋನ್ ಎಂತದನ್ನೂ ಓದ್ತದೆ ಮಾರಾಯ್ರೆ. ದಾರಿಯಲ್ಲಿ ಸಿಕ್ಕಿದವರ ಹತ್ರ ಯಾವ ಫೋನ್ ಉಂಟೂಂತ ನಮಗೆ ಹೇಗೆ ಗೊತ್ತು?" ಎನ್ನುತ್ತಾರೆ.

ಮರೆವಿನ ಕಾಯಿಲೆ ಇರುವವರ ಬಟ್ಟೆಗೆ ಪಿನ್ನು ಹಾಕಿ ಸಿಕ್ಕಿಸುವ ಕ್ಯೂಆರ್ ಬಿಲ್ಲೆಗಳಿವು. ದಾರಿ ತಪ್ಪಿದವರು ಯಾರ ಕಣ್ಣಿಗಾದರೂ ಬಿದ್ದರೆ, ಅವರು ಫೋನು ಹಿಡಿದರಾಯಿತು, ಹೆಸರು ಮತ್ತು ಮನೆಯವರ ಎರಡು ನಂಬರ್ ಕಾಣುತ್ತವೆ. ಗಲ್ಫ್ ಕೆಲಸ ಬಿಟ್ಟು ಬಂದ ಗ್ಲೆನ್‌ಗೆ ಬೆನ್ನುನೋವು ಹಿಡಿದ ಮೇಲೆ ಮನೆ ನಡೆಯುವುದು ಈ ಅಂಗಡಿಯಿಂದಲೇ. ದಿನಕ್ಕೆ ಆರೇಳು ನೂರು ಜೆರಾಕ್ಸ್, ಇಪ್ಪತ್ತು ಮೂವತ್ತು ಲ್ಯಾಮಿನೇಶನ್. ಬಿಲ್ಲೆ ವಾರಕ್ಕೆ ನಾಲ್ಕೋ ಐದೋ. ಐದು ವರ್ಷದ ಹಿಂದೆ ಒಬ್ಬ ನರ್ಸ್ ಬಂದು "ಇಂಥದ್ದೊಂದು ಆಗ್ತದಾ ಆಂಟಿ?" ಎಂದು ಕೇಳಿದ್ದೇ ಶುರು. ಗೆರ್ಟ್ರೂಡ್ ಕಲಿತದ್ದು ಪಿಯುಸಿ. ಉಳಿದದ್ದೆಲ್ಲ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತದ್ದು.

ಆ ಕಲಿಕೆಯ ಫೀಸು ಸಣ್ಣದಲ್ಲ. ಮೊದಮೊದಲು ಯಾವುದೋ ಪುಕ್ಕಟೆ ವೆಬ್‌ಸೈಟಿನಲ್ಲಿ ಕೋಡ್ ಮಾಡಿದರು. ಹದಿನಾಲ್ಕು ದಿನ ಚೆಂದಕ್ಕೆ ಓದಿತು, ಹದಿನೈದನೆಯ ದಿನ ಹೆಸರಿನ ಬದಲು ಜಾಹೀರಾತು ಬಂತು. ಕೋಡಿನೊಳಗೆ ಇದ್ದದ್ದು ಹೆಸರೂ ಅಲ್ಲ, ನಂಬರೂ ಅಲ್ಲ, ಆ ವೆಬ್‌ಸೈಟಿನ ವಿಳಾಸ ಮಾತ್ರ. ಅಂದಿನಿಂದ ಅಕ್ಷರವನ್ನೇ ನೇರ ಕೋಡಿನೊಳಗೆ ಹಾಕುತ್ತಾರೆ. ಅದಕ್ಕೆ ಇಂಟರ್‌ನೆಟ್ ಬೇಡ, ವಾಯಿದೆಯೂ ಇಲ್ಲ.

ಆದರೆ ಮನೆಯವರ ಆಸೆಗೆ ಮಿತಿ ಉಂಟೇ? ಮನೆಯ ಹೆಸರು, ಬ್ಲಡ್ ಗ್ರೂಪ್, ಹತ್ತು ಮಾತ್ರೆಗಳ ಪಟ್ಟಿ, ಎಲ್ಲ ಹಾಕಿ ಎನ್ನುತ್ತಾರೆ. "ತುಂಬಿಸಿದಷ್ಟೂ ಕೋಡಿನ ಚುಕ್ಕಿ ಸಣ್ಣ ಆಗ್ತದೆ. ಮತ್ತೆ ಫೋನನ್ನು ಅವರ ಎದೆಗೇ ಒತ್ತಿ ಹಿಡೀಬೇಕಷ್ಟೆ!" ಎಂದು ಗೆರ್ಟ್ರೂಡ್ ನಗುತ್ತಾರೆ. ವಿಳಾಸವನ್ನಂತೂ ಅವರು ಹಾಕುವುದೇ ಇಲ್ಲ, ಓದುವವರೆಲ್ಲ ಒಳ್ಳೆಯವರೇ ಆಗಿರಬೇಕೆಂದಿಲ್ಲವಲ್ಲ. ಬಿಳಿಯ ಮೇಲೆ ಅಚ್ಚ ಕಪ್ಪು, ಸುತ್ತ ನಾಲ್ಕು ಚುಕ್ಕಿಯಷ್ಟು ಖಾಲಿ ಅಂಚು, ಬಿಸಿಲಿಗೆ ಮಿಂಚದ ಲ್ಯಾಮಿನೇಶನ್. ಇವಿಷ್ಟರಲ್ಲಿ ರಾಜಿಯಿಲ್ಲ.

ಇಷ್ಟೆಲ್ಲ ಕಲಿತವರು ಮುಗ್ಗರಿಸಿದ್ದು ಕಳೆದ ವರ್ಷ, ಸುಂದರಿ ಅಕ್ಕನ ಬಿಲ್ಲೆಯಲ್ಲಿ. ತೊಕ್ಕೊಟ್ಟಿನಲ್ಲಿ ಹೋಟೆಲ್ ನಡೆಸುವ ಜಯಪಾಲ ಶೆಟ್ಟರ ಅಕ್ಕ ಅವರು. ಎಪ್ಪತ್ತೆರಡು ವರ್ಷ, ಊಟ ಮಾಡಿದ್ದೇ ಮರೆತುಹೋಗುತ್ತದೆ. ಒಂದು ಶುಕ್ರವಾರ ಬೆಳಿಗ್ಗೆ ಬಿಲ್ಲೆ ಸಿಕ್ಕಿಸಿದ್ದು. ಮಧ್ಯಾಹ್ನ ಎಲ್ಲರ ಕಣ್ಣು ತಪ್ಪಿಸಿ ಬಸ್ಸು ಹತ್ತಿದ ಅಕ್ಕ ಬಂದರಿನಲ್ಲಿ ಇಳಿದುಬಿಟ್ಟರು. ಗೋದಾಮುಗಳ ನಡುವೆ ಲಾರಿಗಳ ಎದುರು ದಿಕ್ಕು ತೋಚದೆ ನಿಂತವರನ್ನು ರಿಕ್ಷಾ ಚಾಲಕ ರಾಝಿಕ್ ಬದಿಗೆ ಕರೆತಂದು ಬಿಲ್ಲೆಗೆ ಫೋನು ಹಿಡಿದರು. ಓದಲಿಲ್ಲ. ಹತ್ತು ಸಲ ಹಿಡಿದರು, ಉಹುಂ! ಕಡೆಗೆ ಅಕ್ಕನ ಫೋಟೋ ರಿಕ್ಷಾದವರ ಗ್ರೂಪಿನಲ್ಲಿ ಊರೆಲ್ಲ ಸುತ್ತಿ, ತೊಕ್ಕೊಟ್ಟಿನವರೊಬ್ಬರು ಗುರುತು ಹಿಡಿಯುವಾಗ ನಾಲ್ಕು ಗಂಟೆ ಹೊತ್ತು ಕಳೆದಿತ್ತು.

ಮರುದಿನ ಜಯಪಾಲರು ಆ ಬಿಲ್ಲೆಯನ್ನು ಮೇಜಿನ ಮೇಲಿಟ್ಟರು. ಮೂರು ಮೂಲೆಯ ಮೂರು ದೊಡ್ಡ ಚೌಕಗಳ ಮೇಲೂ ದಪ್ಪಕ್ಕೆ ಅರಸಿನ, ಅದರ ಮೇಲೆ ಕುಂಕುಮ. ಮನೆಗೆ ಹೊಸತು ಏನು ಬಂದರೂ ಬೊಟ್ಟು ಇಡುವುದು ಅವರ ಹೆಂಡತಿ ಸ್ನೇಹಲತಾ ಅವರ ಪದ್ಧತಿ. ಸ್ಕೂಟರಿಗೂ ಇಟ್ಟಿದ್ದರು, ಫ್ರಿಜ್ಜಿಗೂ ಇಟ್ಟಿದ್ದರು. ಬಿಲ್ಲೆಯಲ್ಲಿ ಆ ಚೌಕಗಳು ಅವರಿಗೆ ಬೊಟ್ಟಿಡಲೆಂದೇ ಮಾಡಿದ ಹಾಗೆ ಕಂಡವು.

"ಮಧ್ಯದಲ್ಲಿ ಸ್ವಲ್ಪ ಹೋದ್ರೆ ಕೋಡ್ ತಾನೇ ಸರಿ ಮಾಡಿಕೊಳ್ತದೆ. ಆ ಮೂರು ಚೌಕ ಹೋದ್ರೆ ಮುಗೀತು. ಕೋಡ್ ಎಲ್ಲಿ ಉಂಟು, ಯಾವ ಕಡೆ ತಿರುಗಿದೆ, ಫೋನಿಗೆ ಗೊತ್ತಾಗುವುದೇ ಅದರಿಂದ," ಎನ್ನುತ್ತಾರೆ ಗೆರ್ಟ್ರೂಡ್. "ನಮ್ಮಲ್ಲಾದ್ರೆ ಪಾದ್ರಿಗಳು ಪವಿತ್ರ ನೀರು ಚಿಮುಕಿಸ್ತಾರೆ. ಲ್ಯಾಮಿನೇಶನ್ ಉಂಟಲ್ಲ, ನೀರಿಗೆ ಎಂತ ಆಗುವುದಿಲ್ಲ. ಕುಂಕುಮ ನನ್ನ ತಲೆಗೆ ಹೊಳೆಯಲೇ ಇಲ್ಲ. ಕೇಳಬೇಕಿತ್ತು ನಾನು."

ಸ್ನೇಹಲತಾ ಅವರ ತಪ್ಪು ಎಂದು ಅವರು ಒಮ್ಮೆಯೂ ಹೇಳುವುದಿಲ್ಲ. ಆ ರಾತ್ರಿ ಗೆರ್ಟ್ರೂಡ್‌ಗೆ ಊಟ ಸೇರಲಿಲ್ಲವಂತೆ. ಬಿಲ್ಲೆ ಮಾಡುವ ಕೆಲಸವನ್ನೇ ಬಿಡುತ್ತೇನೆ ಎಂದು ಗ್ಲೆನ್ ಎದುರು ಅತ್ತರಂತೆ. ಬಿಡದಂತೆ ಮಾಡಿದ್ದು ಜಯಪಾಲರೇ. ಮತ್ತೆ ಅಂಗಡಿಗೆ ಬಂದವರು ಬೈಯಲಿಲ್ಲ. "ಇನ್ನೊಂದು ಮಾಡಿ ಕೊಡಿ ಬಾಯಮ್ಮ. ನಾನು ಬೇರೆ ಯಾರತ್ರ ಹೋಗ್ಲಿ?" ಎಂದರು.

ಈಗಿನ ಬಿಲ್ಲೆ ಕೊಂಚ ಉದ್ದ. ಖಾಲಿ ಅಂಚಿನ ಕೆಳಗೆ ಒಂದು ಕೆಂಪು ವೃತ್ತ, ಪಕ್ಕದಲ್ಲಿ 'ಬೊಟ್ಟು ಇಲ್ಲಿ' ಎಂಬ ಬರಹ. ಕ್ರಿಶ್ಚಿಯನ್ನರು, ಬ್ಯಾರಿ ಮುಸ್ಲಿಮರು ಇದೇನೆಂದು ಕೇಳಿದರೆ ಗೆರ್ಟ್ರೂಡ್ ಕತೆ ಹೇಳುತ್ತಾರೆ. ಪ್ರತಿ ಹೊಸ ಮಾದರಿಯನ್ನು ಮೊದಲು ಎಂಟು ದಿನ ತಾವೇ ಸಿಕ್ಕಿಸಿಕೊಂಡು, ಬೆವರಿಗೆ, ಬಸ್ಸಿನ ನೂಕುನುಗ್ಗಲಿಗೆ ಒಡ್ಡಿ ನೋಡುತ್ತಾರೆ. ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿದಾಗ ಯಾರೋ "ಎಂತ ಬಾಯಿ, ನಿಮಗೂ ಮರೆವಾ?" ಎಂದು ತಮಾಷೆ ಮಾಡಿದ್ದೂ ಉಂಟು.

ಜನವರಿಯಲ್ಲಿ ಸುಂದರಿ ಅಕ್ಕ ಮತ್ತೊಮ್ಮೆ ತಪ್ಪಿಸಿಕೊಂಡರು. ಮೀನು ಮಾರುವ ನಸೀಬಾ ಫೋನು ಹಿಡಿದರು, ತಕ್ಷಣ ಓದಿತು. ಜಯಪಾಲರು ಸ್ಕೂಟರಿನಲ್ಲಿ ಬಂದು ಮುಟ್ಟಲು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಅಕ್ಕ ಬಂಗುಡೆಗೆ ಚೌಕಾಸಿ ಮಾಡುತ್ತಿದ್ದರಂತೆ.

ತಿಂಗಳಿಗೊಮ್ಮೆ ಸವೆದ ಬಿಲ್ಲೆ ಬದಲಿಸಲು ಅಕ್ಕ ಅಂಗಡಿಗೆ ಬರುತ್ತಾರೆ. "ಇದು ಎಂತದು?" ಎಂದು ಪ್ರತಿ ಸಲ ಹೊಸದಾಗಿ ಕೇಳುತ್ತಾರೆ. ಗೆರ್ಟ್ರೂಡ್ ಮೊದಲಿನಿಂದ ಹೇಳುತ್ತಾರೆ.

ನಿಮಗೇನು ಆಸೆ ಎಂದು ಗೆರ್ಟ್ರೂಡ್ ಅವರನ್ನು ಕೇಳಿದರೆ, ಹಳೆಯ ಫೋನಿನ ಗಾಜು ಒರೆಸುತ್ತ ಹೇಳುತ್ತಾರೆ.

"ಬಂದರಿನಲ್ಲಿ ನಿಂತ ಆ ನಾಲ್ಕು ಗಂಟೆ ಸುಂದರಿ ಅಕ್ಕನಿಗೆ ನೆನಪೇ ಇಲ್ಲ. ಒಳ್ಳೇದೇ ಆಯ್ತು. ನನಗೆ ಮಾತ್ರ ಅದು ಯಾವತ್ತೂ ಮರೀಬಾರದು. ಅಷ್ಟೇ."