ಮನೆ ಮಾತಿಗೆ ದಂಡ

ಕೊರೊನಾ ಗಲಾಟೆ ಮುಗಿದು, ನಿಂತುಹೋಗಿದ್ದ ರೈಲುಗಳು ಮತ್ತೆ ಓಡತೊಡಗಿದ ವರ್ಷ ಅದು. ನಾನು ಕಡೂರಿನವಳು, ತರೀಕೆರೆಯ ಒಂದು ಸಹಕಾರ ಸಂಘದಲ್ಲಿ ಗುಮಾಸ್ತೆ. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ ರೈಲಿನ ಪಾಸು ಮಾಡಿಸಿಕೊಂಡೆ. ಶಿವಮೊಗ್ಗದ ಕಡೆ ಹೋಗುವ ಆ ಬೆಳಗಿನ ರೈಲಿನಲ್ಲೇ ನನಗೆ ವಸುಂಧರಾ ಮೇಡಂ ಪರಿಚಯವಾದದ್ದು.

ಮೇಡಂ ನಿವೃತ್ತ ಇಂಗ್ಲಿಷ್ ಟೀಚರ್. ದೇವನೂರು, ಸಖರಾಯಪಟ್ಟಣ ಅಂತ ಸುತ್ತಮುತ್ತಲ ಊರುಗಳಲ್ಲೆಲ್ಲ ಪಾಠ ಮಾಡಿ, ಕೊನೆಗೆ ಕಡೂರಿನಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ವಾರದಲ್ಲಿ ಮೂರು ನಾಲ್ಕು ದಿನ ಶಿವಮೊಗ್ಗಕ್ಕೆ ಹೋಗುತ್ತಿದ್ದರು. ಯಾಕೆಂದು ಕೇಳಿದರೆ "ಸ್ವಲ್ಪ ಕೆಲ್ಸ ಇದೆ" ಎನ್ನುತ್ತಿದ್ದರು. ಯಾವುದೋ ಖಾಸಗಿ ಕಾಲೇಜಿಗೆ ಪಾಠಕ್ಕೆ ಹೋಗುತ್ತಾರೆ ಎಂದು ನಾವೇ ತೀರ್ಮಾನ ಮಾಡಿಕೊಂಡಿದ್ದೆವು.

ನಾವು ಎಂದರೆ ನಾನು, ತಾಲ್ಲೂಕು ಕಚೇರಿಯಲ್ಲಿ ಕೆಲಸದಲ್ಲಿದ್ದ ಚಂದ್ರಣ್ಣ, ಮತ್ತು ಬೀರೂರಿನಲ್ಲಿ ಹತ್ತುತ್ತಿದ್ದ ಪುಷ್ಪ. ಪುಷ್ಪ ಹೈಸ್ಕೂಲ್ ಟೀಚರ್. ಮೂವರೂ ತರೀಕೆರೆಯಲ್ಲಿ ಇಳಿಯುವವರು. ಅಲ್ಲಿಂದ ಮುಂದೆ ಮೇಡಂ ಒಬ್ಬರೇ.

ಮೊದಮೊದಲು ರೈಲು ಹತ್ತಿದರೆ ಸಾಕು, ಚಂದ್ರಣ್ಣನದು ಅಣ್ಣನ ಜೊತೆಗಿನ ಸೈಟಿನ ಜಗಳ, ನನ್ನದು ಅತ್ತೆಯ ವಿಚಾರ, ಪುಷ್ಪಳದು ಸೊಂಟನೋವು. ಒಂದು ದಿನ ಮೇಡಂ ಕ್ಲಾಸಿನಲ್ಲಿ ತಟ್ಟುವ ಹಾಗೆ ಎರಡು ಸಲ ಚಪ್ಪಾಳೆ ತಟ್ಟಿದರು.

"ನೋಡ್ರಪ್ಪಾ, ಮನೆ ಮಾತು ಮನೇಲೇ ಇರ್ಲಿ. ತರೀಕೆರೆ ಬರೋವರ್ಗೂ ಯಾರೂ ಮನೆ ವಿಷ್ಯ, ಕಾಯಿಲೆ ವಿಷ್ಯ ಎತ್ಬಾರ್ದು. ಎತ್ತಿದೋರು ಕಿಟಕಿ ಸೀಟು ಬಿಟ್ಕೊಡ್ಬೇಕು."

"ಮತ್ತೆ ಏನ್ ಮಾತಾಡೋದು ಮೇಡಂ? ಬಾಯಿಗೆ ಬೀಗ ಹಾಕ್ಕೊಂಡು ಕೂರಣಾ?" ಎಂದರು ಚಂದ್ರಣ್ಣ.

"ದಿನಕ್ಕೊಂದು ಪದ ಕೊಡ್ತೀನಿ. ನೀವು ಕೇಳೇ ಇರ್ಬಾರ್ದು, ಅಂಥ ಇಂಗ್ಲಿಷ್ ಪದ. ಮಾರನೇ ದಿನ ಬರೋದ್ರೊಳಗೆ ಅದನ್ನ ಎಲ್ಲಾದ್ರೂ ಒಂದ್ಕಡೆ ಬಳಸ್ಕೊಂಡ್ ಬರ್ಬೇಕು."

ಹಾಗೆ ಶುರುವಾಯಿತು. ಮೊದಲ ಪದ 'ಕ್ವಿಡ್‌ನಂಕ್'. ಲ್ಯಾಟಿನ್ನಿನಲ್ಲಿ "ಈಗೇನು?" ಎಂದು ಕೇಳುವ ಎರಡು ಪದ ಕೂಡಿ ಆದದ್ದಂತೆ. ಯಾವಾಗಲೂ "ಏನ್ ಸಮಾಚಾರ, ಏನ್ ಸಮಾಚಾರ" ಎಂದು ಊರಿನ ಸುದ್ದಿಗೆ ಕಿವಿ ಕೊಟ್ಟು ಅಲೆಯುವವನು. ಮೇಡಂ ಅರ್ಥ ಹೇಳಿ ಮುಗಿಸುವ ಮೊದಲೇ ನಾವು ಚಂದ್ರಣ್ಣನ ಮುಖ ನೋಡಿ ನಕ್ಕೆವು. ಇನ್ನೊಂದು ದಿನ 'ಗ್ರೋಕ್'. ಸ್ಕಾಟ್ಲೆಂಡ್ ಕಡೆಯ ಆಡುಮಾತಂತೆ. ಯಾರಾದರೂ ಊಟ ಮಾಡುವಾಗ ನನಗೂ ಒಂದು ತುತ್ತು ಸಿಕ್ಕೀತೇ ಎಂದು ಬಾಯಿ ನೋಡುತ್ತ ನಿಲ್ಲುವುದು. ಚಂದ್ರಣ್ಣ ಮಧ್ಯಾಹ್ನ ತಮ್ಮ ಡಬ್ಬಿಯ ಕಡೆ ನೋಡುತ್ತಿದ್ದ ಸಾಹೇಬರಿಗೇ ಅದನ್ನು ಅಂದುಬಿಟ್ಟರಂತೆ. ಸಾಹೇಬರು ಏನೋ ಹೊಗಳಿಕೆ ಎಂದುಕೊಂಡು ಥ್ಯಾಂಕ್ಸ್ ಎಂದರಂತೆ. ಚಳಿಗಾಲದಲ್ಲಿ ಕಡೂರು ಪ್ಲಾಟ್‌ಫಾರಂನಲ್ಲಿ ಬಿಸಿಲಿಗೆ ಮೈ ಕಾಯಿಸುತ್ತ ನಿಂತಿದ್ದಾಗ ಮೇಡಂ 'ಅಪ್ರಿಸಿಟಿ' ಕೊಟ್ಟರು. ಚಳಿಯಲ್ಲಿ ಮೈಗೆ ಹಿತವಾಗುವ ಬಿಸಿಲಿನ ಕಾವು. ನಾನೂರು ವರ್ಷದ ಹಿಂದಿನ ಯಾವುದೋ ಪದಕೋಶದಲ್ಲಿ ಇತ್ತಂತೆ, ಆಮೇಲೆ ಜನ ಮರೆತೇಬಿಟ್ಟರಂತೆ. "ಪಾಪ, ಎಂಥಾ ಪದ! ಯಾರೂ ಬಳಸ್ದೇ ಹಾಗೇ ಸತ್ತೋಗ್ಬಿಡ್ತದೆ" ಎಂದು, ಸ್ವಂತದವರ ಬಗ್ಗೆ ಹೇಳುವಷ್ಟೇ ಮರುಕದಿಂದ ಹೇಳಿದ್ದರು.

ನನಗಂತೂ ಆ ಮುಕ್ಕಾಲು ಗಂಟೆ ದಿನದಲ್ಲೇ ಒಳ್ಳೆಯ ಹೊತ್ತು. ಮನೆಯಲ್ಲಿ ಆಗ ದಿನಾ ಒಂದಲ್ಲ ಒಂದು ರಾದ್ಧಾಂತ. ರೈಲಿನಲ್ಲಿ ಅದರ ಸುದ್ದಿಯೇ ಇಲ್ಲ. ಹಾಗಾಗಿ ಆ ನಿಯಮವನ್ನು ಎಲ್ಲರಿಗಿಂತ ಬಿಗಿಯಾಗಿ ಕಾಯುತ್ತಿದ್ದವಳು ನಾನೇ. ಯಾರಾದರೂ "ನಮ್ಮನೇಲಿ" ಎಂದು ಬಾಯಿ ತೆರೆದರೆ ಸಾಕು, "ದಂಡ! ದಂಡ! ಏಳಿ ಮೇಲೆ" ಎಂದು ಕೂಗಿ ಎಬ್ಬಿಸುತ್ತಿದ್ದೆ.

ಬೇಸಿಗೆಯ ಹೊತ್ತಿಗೆ ಮೇಡಂ ಸೊರಗಿದ್ದರು. ರವಿಕೆಯ ತೋಳು ಸಡಿಲವಾಗಿ ಜೋತಾಡುತ್ತಿತ್ತು. ನಾವು ಕೊಟ್ಟ ಕಡಲೆಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿರುತ್ತಿದ್ದರು. ತರೀಕೆರೆಯಲ್ಲಿ ಇಳಿದ ಮೇಲೆ ಪುಷ್ಪ ಒಂದು ದಿನ, "ಮೇಡಂಗೆ ಹುಷಾರಿಲ್ವೇನೇ? ಕೇಳಣಾ?" ಎಂದಳು. "ಕೇಳಿದ್ರೆ ದಂಡ ಬೀಳುತ್ತೆ ಕಣೇ" ಎಂದು ನಾನು ನಕ್ಕೆ. ಅವಳೂ ನಕ್ಕಳು. ವಯಸ್ಸಾದವರು, ಬೇಸಿಗೆ ಬೇರೆ, ಓಡಾಟ ಬೇರೆ ಎಂದುಕೊಂಡು ಸುಮ್ಮನಾದೆವು.

ಒಂದು ಬೆಳಿಗ್ಗೆ ಮೇಡಂ ಕಿಟಕಿಯ ಪಕ್ಕ ಕೂತು, ಬೀರೂರು ದಾಟಿದರೂ ಪದ ಕೊಡಲಿಲ್ಲ. ಚಂದ್ರಣ್ಣ ನೆನಪಿಸಿದರು.

"ಇವತ್ತು ಪದ ಬೇಡ. ನಿಮ್ಮನ್ನ ಒಂದು ಮಾತು ಕೇಳ್ಬೇಕಾಗಿತ್ತು" ಎಂದರು ಮೇಡಂ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. "ಏನಿಲ್ಲ, ನಂಗೆ ಮನೇಲಿ ಯಾರೂ..."

"ದಂಡ!" ಎಂದು ನಾನು ಕೂಗಿದೆ.

ಅಬ್ಬಾ, ಆ ಹೊತ್ತಿನ ನಮ್ಮ ಸಂಭ್ರಮ! ನಿಯಮ ಮಾಡಿದವರೇ ಸಿಕ್ಕಿಬಿದ್ದಿದ್ದರು. ಪುಷ್ಪ ಚಪ್ಪಾಳೆ ತಟ್ಟಿದಳು. ಚಂದ್ರಣ್ಣ ಎದ್ದು ನಿಂತು, "ಏಳಿ ಮೇಡಂ, ಏಳಿ. ನಮಗೊಂದು ನ್ಯಾಯ ನಿಮಗೊಂದು ನ್ಯಾಯವಾ?" ಎಂದರು. ಎದುರು ಸೀಟಿನ ಅಪರಿಚಿತರೂ ನಗತೊಡಗಿದರು. ಮೇಡಂ ಒಂದು ಕ್ಷಣ ನಮ್ಮನ್ನೆಲ್ಲ ನೋಡಿದರು. ಆಮೇಲೆ ಅವರೂ ನಕ್ಕರು. ಎದ್ದು ಕಿಟಕಿಯ ಜಾಗವನ್ನು ನನಗೆ ಬಿಟ್ಟುಕೊಟ್ಟರು.

"ಸರಿ, ತಗೊಳ್ಳಿ ಹಾಗಾದ್ರೆ. 'ವೆಲೀಯಿಟಿ'. ಬಯಸೋದು ಅನ್ನೋ ಲ್ಯಾಟಿನ್ ಪದದಿಂದ ಬಂದಿದ್ದು. ಆಸೆ ಇರ್ತದೆ, ಆದ್ರೆ ಎಷ್ಟು ಬಡಕಲು ಆಸೆ ಅಂದ್ರೆ, ಅದಕ್ಕೋಸ್ಕರ ಮನುಷ್ಯ ಕೂತ ಜಾಗದಿಂದ ಏಳಲ್ಲ."

"ನಾನ್ ವಾಕಿಂಗ್ ಹೋಗ್ಬೇಕು ಅಂತ ಇದೀನಲ್ಲ, ಹಂಗೆ" ಎಂದರು ಚಂದ್ರಣ್ಣ. ಮತ್ತೆ ನಗು. ಮೇಡಂ ಏನು ಕೇಳಬೇಕೆಂದಿದ್ದರು ಎಂಬುದು ಆ ನಗುವಿನಲ್ಲಿ ಎಲ್ಲೋ ಹೋಯಿತು. ತರೀಕೆರೆ ಬಂತು, ನಾವು ಇಳಿದೆವು.

ಆಮೇಲೆ ಮೇಡಂ ರೈಲಿಗೆ ಬರಲಿಲ್ಲ. ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ "ಸ್ವಲ್ಪ ದಿನ ರೆಸ್ಟ್" ಎಂದು ಉತ್ತರ ಬಂತು. ಅವರ ಮನೆ ನಮ್ಮ ಮನೆಯಿಂದ ದೂರವೇನಲ್ಲ, ಸಂತೆಗೆ ಹೋಗುವ ದಾರಿಯಲ್ಲೇ. ಈ ಭಾನುವಾರ ಹೋಗಬೇಕು, ಹಣ್ಣು ತೆಗೆದುಕೊಂಡು ಹೋಗಬೇಕು ಎಂದು ಪ್ರತಿ ವಾರವೂ ಅಂದುಕೊಂಡೆ. ಅಂದುಕೊಂಡೇ ಇದ್ದೆ. ಅದಕ್ಕೊಂದು ಪದವಿದೆ ಎಂದು ಅವರೇ ಹೇಳಿಕೊಟ್ಟಿದ್ದರೂ ನನಗೆ ನಾಟಿರಲಿಲ್ಲ.

ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದಾಗ ಮೇಡಂ ನಂಬರಿನಿಂದ ಫೋನ್ ಬಂತು. ಖುಷಿಯಿಂದ ಎತ್ತಿದೆ. ಮಾತಾಡಿದವರು ಅವರ ಮನೆಯ ಓನರ್ ಲಲಿತಮ್ಮ. ಮೇಡಂ ಹೋಗಿಬಿಟ್ಟರು, ಅಜ್ಜಂಪುರದಲ್ಲಿರುವ ತಂಗಿಯ ಮನೆಗೆ ತಂದಿದ್ದೇವೆ ಎಂದರು.

ನಾವು ಮೂವರೂ ರಜೆ ಹಾಕಿ ತರೀಕೆರೆಯಿಂದ ಬಸ್ ಹತ್ತಿದೆವು.

ಅಜ್ಜಂಪುರದ ಆ ಮನೆಯ ಮುಂದೆ ಲಲಿತಮ್ಮ ಎಲ್ಲ ಹೇಳಿದರು. ಹೊಟ್ಟೆಯಲ್ಲಿ ಗಡ್ಡೆ. ಶಿವಮೊಗ್ಗಕ್ಕೆ ಹೋಗುತ್ತಿದ್ದುದು ಅದರ ಚಿಕಿತ್ಸೆಗೆ. ಆಪರೇಷನ್ ಆಗಬೇಕು, ಜೊತೆಗೆ ಒಬ್ಬರು ಇರಬೇಕು ಎಂದು ಡಾಕ್ಟರು ಹೇಳಿದ್ದರಂತೆ. ಯಾರೂ ಇಲ್ಲವೆಂದು ಮೇಡಂ ಅದನ್ನು ಮುಂದಕ್ಕೆ ಹಾಕುತ್ತಲೇ ಹೋದರಂತೆ.

"ನಾನೂ ಆಗ ಮಗ್ಳ ಬಾಣಂತನಕ್ಕೆ ಅಂತ ಊರಲ್ಲಿರ್ಲಿಲ್ಲ ಕಣ್ರೀ. ರೈಲಲ್ಲಿ ನಮ್ಮೋರಿದಾರೆ, ಅವ್ರನ್ನ ಕೇಳ್ತೀನಿ ಅಂತ ಫೋನಲ್ಲಿ ಹೇಳಿದ್ರು. ಕೇಳಿದ್ರೋ ಇಲ್ವೋ. ಕೊನೆಗೆ ನಾನೇ ಬಂದು ಆಸ್ಪತ್ರೆಗೆ ಕರ್ಕೊಂಡೋದೆ. ಅಷ್ಟೊತ್ಗೆ ಜಾಸ್ತಿ ಆಗೋಗಿತ್ತು."

ಚಂದ್ರಣ್ಣ ಮುಖ ತಿರುಗಿಸಿಕೊಂಡು ಬೀದಿಯ ಕಡೆ ನಡೆದರು. ಪುಷ್ಪ ನನ್ನ ತೋಳನ್ನು ಹಿಡಿದುಕೊಂಡಿದ್ದಳು, ಬಿಡಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಮೇಡಂ ಅವರ ತಂಗಿ ಬಂದರು. ಜಯಮ್ಮ ಅಂತ. ಗಂಡನಿಗೆ ಪಾರ್ಶ್ವವಾಯು, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ ಎಂದು ಲಲಿತಮ್ಮ ಹೇಳಿದ್ದರು. ಅತ್ತು ಅತ್ತು ಜಯಮ್ಮನ ದನಿ ಬಿದ್ದುಹೋಗಿತ್ತು.

"ನೀವು ಏನಾಗ್ಬೇಕಮ್ಮಾ?" ಎಂದರು.

"ರೈಲಲ್ಲಿ ಒಟ್ಟಿಗೆ ಬರ್ತಿದ್ವಿ" ಎಂದೆ.

ಜಯಮ್ಮ ನನ್ನ ಎರಡೂ ಕೈ ಹಿಡಿದುಕೊಂಡುಬಿಟ್ಟರು. "ಓ, ನೀವೇನಾ! ನಾನು ಬತ್ತೀನಿ ಕಣಕ್ಕಾ ಅಂದ್ರೆ, ಯಜಮಾನ್ರನ್ನ ಬಿಟ್ಟು ಬರ್ಬೇಡ ಕಣೇ, ನಂಗೆ ರೈಲಿನೋರು ಅವ್ರೆ, ಆಸ್ಪತ್ರೆವರ್ಗೂ ಜೊತೇಲೇ ಬತ್ತಾರೆ ಅಂದ್ಬಿಟ್ಳು. ಅದಕ್ಕೇ ನಾನು ಹೋಗ್ಲಿಲ್ಲ. ನಿಮ್ ಋಣ ಯಾವತ್ತು ತೀರಿಸ್ಲಿ? ನಮ್ಮಕ್ಕ ಒಬ್ಳೇ ಹೋಗ್ಲಿಲ್ವಲ್ಲ, ಅಲ್ವೇನಮ್ಮಾ?"

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಇಲ್ಲಮ್ಮಾ, ಒಬ್ರೇ ಹೋಗ್ಲಿಲ್ಲ" ಎಂದೆ.

ಆ ತಾಯಿ ನನ್ನ ಕೈಗಳನ್ನು ಕಣ್ಣಿಗೊತ್ತಿಕೊಂಡರು. ಸುಳ್ಳು ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ತರೀಕೆರೆಯಲ್ಲಿ ಇಳಿಯದೆ ಒಂದೇ ಒಂದು ದಿನ ಸುಮ್ಮನೆ ಕೂತಿದ್ದರೆ ಅದು ನಿಜವೇ ಆಗುತ್ತಿತ್ತಲ್ಲ, ಅದೊಂದು ಮಾತ್ರ ನನ್ನನ್ನು ಬಿಟ್ಟಿಲ್ಲ.